‘ಟೆನ್ಷನ್’ ಎಂಬ ಮಾತನ್ನು ಬಿಡಿಸಿ ನೋಡುವುದು: ಮೈಮನಸ್ಸಿನ ಪ್ರತಿಕ್ರಿಯೆಗಳನ್ನು ಗುರುತಿಸಿ ಒತ್ತಡ ನಿಭಾಯಿಸುವ ಕ್ರಮ

ಕೆಲವು ವರ್ಷಗಳ ಹಿಂದೆ ಹಲ್ಲುನೋವೆಂದು ದಂತವೈದ್ಯರ ಬಳಿ ಹೋಗಿದ್ದಾಗ, ಅವರು ನನ್ನ ದವಡೆ ಹಲ್ಲುಗಳ ಮೇಲ್ಭಾಗ ವಯಸ್ಸಿಗೆ ಮೀರಿ ಸವೆದಿರುವುದನ್ನು ತೋರಿಸಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಮನೆಗೆ ಬಂದು ವಿಚಾರಿಸಿದರೆ, ಫೆಬ್ರವರಿ ಕಳೆಯಿತೆಂದರೆ ನಿಮ್ಮ ಹಲ್ಲಿನ ಸದ್ದಿಗೆ ನನಗೆ ಎಚ್ಚರವಾಗುತ್ತದೆ ಎಂದು ಹೆಂಡತಿ ನಿರಾಳವಾಗಿ ಹೇಳಿದಳು. ಆಗ ನಾನು ಒಂದು ಸಹಕಾರ ಸಂಘದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಬೇಕು, ಸಾಲ ವಸೂಲಿಯ ಪಟ್ಟಿ ಸರಿಹೊಂದಬೇಕು, ಅದರ ಬೆನ್ನಿಗೇ ಲೆಕ್ಕಪರಿಶೋಧನೆ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ‘ಸ್ವಲ್ಪ ಟೆನ್ಷನ್, ಅಷ್ಟೆ’ ಎನ್ನುತ್ತಿದ್ದೆ. ಹಲ್ಲು ಮಾತ್ರ ತನ್ನದೇ ಬೇರೆ ಲೆಕ್ಕ ಬರೆದಿಟ್ಟಿತ್ತು.

ಒತ್ತಡದ ವಿಷಯದಲ್ಲಿ ನಮ್ಮಲ್ಲಿ ಹೆಚ್ಚಿನವರ ತೊಂದರೆ ಇದೇ. ಒತ್ತಡ ಕಡಿಮೆ ಮಾಡುವ ಉಪಾಯಗಳು ನಮಗೆ ಗೊತ್ತಿಲ್ಲವೆಂದಲ್ಲ. ವಾಕಿಂಗ್ ಹೋಗಿ, ಧ್ಯಾನ ಮಾಡಿ, ಮೊಬೈಲ್ ಬದಿಗಿಡಿ ಎಂಬ ಬುದ್ಧಿಮಾತುಗಳಿಗೆ ಬರವಿಲ್ಲ. ಆದರೆ ಒತ್ತಡ ಮೈಯನ್ನು ಹಿಡಿದ ಹೊತ್ತಿನಲ್ಲಿ ಅದು ಹಿಡಿದಿದೆ ಎಂಬುದೇ ನಮಗೆ ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ಮಗುವಿಗೆ ಗದರಿಸಿ ಆಗಿರುತ್ತದೆ, ಇಲ್ಲವೇ ಎರಡು ಗುಳಿಗೆ ನುಂಗಿ ಆಗಿರುತ್ತದೆ. ಆದ್ದರಿಂದ ಈ ಬರಹ ಉಪಾಯಗಳಿಗಿಂತ ಹೆಚ್ಚಾಗಿ ಗುರುತಿಸುವಿಕೆಯ ಬಗ್ಗೆ ಇದೆ: ಮೈ ಏನು ಹೇಳುತ್ತಿದೆ, ಮನಸ್ಸಿನಲ್ಲಿ ಎದ್ದಿರುವ ಭಾವನೆ ಯಾವುದು, ಅವೆರಡರ ನಡುವೆ ಯಾವ ಆಲೋಚನೆ ಕುಳಿತಿದೆ ಎಂಬುದನ್ನು ಹಂತಹಂತವಾಗಿ ಕಂಡುಕೊಳ್ಳುವ ಕ್ರಮದ ಬಗ್ಗೆ.

ಮೊದಲು, ಮೈಯೊಳಗೆ ನಡೆಯುವುದೇನು

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಎಕ್ಸ್‌ರೇ ಆಗಷ್ಟೇ ಬಳಕೆಗೆ ಬಂದಿದ್ದಾಗ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ ಬೆಕ್ಕುಗಳ ಜೀರ್ಣಕ್ರಿಯೆಯನ್ನು ಎಕ್ಸ್‌ರೇ ಮೂಲಕ ಗಮನಿಸುತ್ತಿದ್ದರು. ಬೆಕ್ಕು ಶಾಂತವಾಗಿರುವಾಗ ಅದರ ಜಠರದಲ್ಲಿ ಅಲೆಅಲೆಯಾಗಿ ಕಾಣುತ್ತಿದ್ದ ಚಲನೆ, ಅದು ಹೆದರಿದಾಗ ಅಥವಾ ಸಿಟ್ಟಿಗೆದ್ದಾಗ ಥಟ್ಟನೆ ನಿಂತುಬಿಡುತ್ತಿತ್ತು. ಈ ಜಾಡು ಹಿಡಿದು ನಡೆದ ಅಧ್ಯಯನಗಳಿಂದ, ಅಪಾಯ ಕಂಡಾಗ ಪ್ರಾಣಿಯ ದೇಹ ಹೋರಾಡುವುದಕ್ಕೋ ಓಡುವುದಕ್ಕೋ ಅಣಿಯಾಗುತ್ತದೆ ಎಂಬ ವಿವರಣೆಯನ್ನು ಅವರು 1915ರಲ್ಲಿ ಪ್ರಕಟಿಸಿದರು. ಬೆಕ್ಕಿನ ಹೊಟ್ಟೆಯಿಂದ ಈ ವಿಜ್ಞಾನ ಆರಂಭವಾಯಿತೆಂಬುದು, ಎಲ್ಲ ಕಳವಳವನ್ನೂ ‘ಗ್ಯಾಸ್ಟ್ರಿಕ್’ ಎಂದು ಕರೆಯುವ ನಮ್ಮ ನಾಡಿನವರಿಗೆ ವಿಶೇಷವಾಗಿ ಹಿಡಿಸಬೇಕಾದ ಸಂಗತಿ.

ಅಪಾಯದ ಸುಳಿವು ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯ ಬಡಿತ ಏರುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಬರುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲುಗಳ ಸ್ನಾಯುಗಳತ್ತ ತಿರುಗುತ್ತದೆ, ಜೊಲ್ಲು ಕಡಿಮೆಯಾಗಿ ನಾಲಗೆ ಒಣಗುತ್ತದೆ, ಅಂಗೈ ಬೆವರುತ್ತದೆ. ಇದರ ಹಿಂದೆಯೇ ನಿಧಾನವಾಗಿ ಬರುವುದು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು. ಪ್ರಸಂಗ ಶುರುವಾದ ಸುಮಾರು 20ರಿಂದ 30 ನಿಮಿಷಗಳ ಹೊತ್ತಿಗೆ ಅದರ ಮಟ್ಟ ತುದಿಗೇರುತ್ತದೆ. ಜಗಳ ಮುಗಿದು ಅರ್ಧ ಗಂಟೆಯಾದರೂ ಮೈ ಇನ್ನೂ ಜಗಳದಲ್ಲೇ ಇರುವುದು, ಅದಕ್ಕೆ ಸಂಬಂಧವೇ ಇಲ್ಲದ ಮೂರನೆಯವರ ಮೇಲೆ ನಾವು ರೇಗುವುದು, ಇದರಿಂದಲೇ ಅರ್ಥವಾಗುತ್ತದೆ.

ಹುಲಿ ಬಂದು ಹೋದರೆ ಈ ವ್ಯವಸ್ಥೆ ತಾನಾಗಿಯೇ ತಣಿಯುತ್ತದೆ. ಆದರೆ ಗೃಹಸಾಲದ ಕಂತು, ಅತ್ತೆಯ ಕಾಯಿಲೆ, ಮಗನ ಎರಡನೇ ಪಿಯುಸಿ ಇವು ಬಂದುಹೋಗುವ ಹುಲಿಗಳಲ್ಲ, ಮನೆಯಲ್ಲೇ ಉಳಿಯುವಂಥವು. ಒತ್ತಡದ ಅಧ್ಯಯನಕ್ಕೆ 1936ರಲ್ಲಿ ನಾಂದಿ ಹಾಡಿದ ಹಾನ್ಸ್ ಸೆಲ್ಯೆ, ದೇಹವು ಮೊದಲು ಎಚ್ಚರಗೊಂಡು, ಆಮೇಲೆ ತಡೆದುಕೊಂಡು, ಕೊನೆಗೆ ಬಳಲುತ್ತದೆ ಎಂದು ಮೂರು ಘಟ್ಟಗಳನ್ನು ಗುರುತಿಸಿದರು. ನಾವು ಗಮನಿಸಬೇಕಾದುದು ನಡುವಿನ ಘಟ್ಟವನ್ನು, ಏಕೆಂದರೆ ತಡೆದುಕೊಳ್ಳುತ್ತಿರುವಷ್ಟು ದಿನವೂ ಮನುಷ್ಯ ತಾನು ಚೆನ್ನಾಗಿಯೇ ಇದ್ದೇನೆಂದು ತಿಳಿದಿರುತ್ತಾನೆ.

ಹಂತ 1: ನಿಮ್ಮ ಮೈ ಮೊದಲು ಎಲ್ಲಿ ಹೇಳುತ್ತದೆ ಎಂದು ಹುಡುಕಿ

ಒಬ್ಬೊಬ್ಬರ ಮೈಗೆ ಒಂದೊಂದು ಬಾಗಿಲು. ಕೆಲವರಿಗೆ ಭುಜ ಕಿವಿಯತ್ತ ಏರುತ್ತದೆ, ಕೆಲವರಿಗೆ ಹೊಟ್ಟೆ ಕಿವುಚುತ್ತದೆ, ಕೆಲವರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ, ಕೆಲವರ ಕಾಲು ಮೇಜಿನ ಕೆಳಗೆ ತಾನಾಗಿಯೇ ಅಲುಗಾಡತೊಡಗುತ್ತದೆ. ನನ್ನದು ದವಡೆ. ನಿಮ್ಮದು ಯಾವುದೆಂದು ಊಹಿಸಬೇಡಿ. ಒಂದು ವಾರ ನೋಡಿ ತಿಳಿಯಿರಿ.

ಅದಕ್ಕೆ ಬೇಕಾಗುವುದು ದಿನಕ್ಕೆ ಮೂರು ಸಲ, ಒಂದೊಂದು ನಿಮಿಷ. ಗಡಿಯಾರದಲ್ಲಿ ಅಲಾರಾಂ ಇಟ್ಟುಕೊಳ್ಳುವುದಕ್ಕಿಂತ, ಹೇಗೂ ತಪ್ಪದೆ ನಡೆಯುವ ಕೆಲಸಗಳಿಗೆ ಇದನ್ನು ಗಂಟುಹಾಕುವುದು ಮೇಲು: ಬೆಳಿಗ್ಗೆ ಹಾಲು ಕಾಯಲು ಇಟ್ಟು ನಿಂತಿರುವಾಗ, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮುನ್ನ, ಸಂಜೆ ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಡುವ ಮುನ್ನ. ಮೂರನೆಯದು ಬಹಳ ಮುಖ್ಯ. ಹೊರಗಿನ ದಿನವನ್ನು ನಾವು ಮನೆಯವರ ತಲೆಗೆ ಕಟ್ಟುವುದು ಆ ಹೊಸ್ತಿಲಿನಲ್ಲಿಯೇ.

ಆ ಒಂದು ನಿಮಿಷದಲ್ಲಿ ನೆತ್ತಿಯಿಂದ ಪಾದದವರೆಗೆ ಗಮನವನ್ನು ನಿಧಾನವಾಗಿ ಇಳಿಸಿ. ಹುಬ್ಬು ಗಂಟಿಕ್ಕಿದೆಯೇ, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಿದೆಯೇ (ಸುಮ್ಮನಿದ್ದಾಗ ತಾಗಿರಬಾರದು), ನಾಲಗೆ ಅಂಗುಳಕ್ಕೆ ಒತ್ತಿದೆಯೇ, ಭುಜ ಎಲ್ಲಿದೆ, ಉಸಿರಾಡುವಾಗ ಏಳುತ್ತಿರುವುದು ಎದೆಯೋ ಹೊಟ್ಟೆಯೋ, ಮುಷ್ಟಿ ಬಿಗಿದಿದೆಯೇ, ಬೆರಳತುದಿ ತಣ್ಣಗಿದೆಯೇ, ಹೊಟ್ಟೆಯಲ್ಲಿ ಉರಿಯೋ ಹಿಡಿತವೋ ಖಾಲಿತನವೋ ಎಂದು ಕೇಳಿಕೊಳ್ಳಿ. ಶವಾಸನ ಕಲಿತವರಿಗೆ ಈ ದಾರಿ ಪರಿಚಿತ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ ಆರಂಭಿಸಿದ, ಈಗ ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ನಡೆಯುವ ಎಂಟು ವಾರಗಳ ತರಬೇತಿಯಲ್ಲಿಯೂ ಇಂಥದೇ ಅಭ್ಯಾಸವಿದೆ. ಆದರೆ ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಮೊದಲ ವಾರ ಏನನ್ನೂ ಸರಿಮಾಡಲು ಹೋಗಬಾರದು. ಭುಜ ಏರಿದ್ದರೆ ಏರಿದೆ ಎಂದು ನೋಡಿಕೊಂಡರೆ ಸಾಕು. ಕಂಡಕೂಡಲೇ ಸರಿಮಾಡುವ ಆತುರಕ್ಕೆ ಬಿದ್ದರೆ ನೋಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಜೊತೆಗೆ ನಿಮ್ಮ ಸಹಜ ನಾಡಿಬಡಿತವನ್ನು ತಿಳಿದುಕೊಂಡಿರಿ. ಬೆಳಿಗ್ಗೆ ಕಾಫಿಗೆ ಮುಂಚೆ, ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡುಗಳ ಬಡಿತ ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರೊಳಗೆ ಇರುತ್ತದೆ. ನಿಮ್ಮದು 72 ಎಂದು ತಿಳಿದಿದ್ದರೆ, ಸಭೆಗೆ ಮುಂಚೆ ಕುಳಿತಲ್ಲೇ 96 ಆಗಿರುವುದು ಕಣ್ಣಿಗೆ ಬೀಳುತ್ತದೆ. ರಕ್ತದೊತ್ತಡದ ಮಾತು ಬೇರೆ. ‘ನನಗೆ ಬಿಪಿ ಏರಿದ್ದು ಗೊತ್ತಾಗುತ್ತೆ’ ಎಂದು ಅನೇಕರು ಹೇಳುವುದುಂಟು. ಅಧಿಕ ರಕ್ತದೊತ್ತಡಕ್ಕೆ ಬಹುಪಾಲು ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ ಅದನ್ನು ಯಂತ್ರದಲ್ಲಿ ಅಳೆಸಿಯೇ ತಿಳಿಯಬೇಕು.

ಭಾವನೆಯನ್ನು ಮೈಯಲ್ಲಿ ಓದುವುದು ನಮಗೆ ಹೊಸದೇನೂ ಅಲ್ಲ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಅಂದರೆ ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಬದಲಾಗುವುದು, ಕಣ್ಣೀರು, ಎಚ್ಚರ ತಪ್ಪುವುದು. ಪ್ರೇಕ್ಷಕರಾಗಿ ರಂಗದ ಮೇಲಿನ ಪಾತ್ರದಲ್ಲಿ ಇವನ್ನೆಲ್ಲ ಗುರುತಿಸುವ ನಾವು, ನಮ್ಮದೇ ಮೈಯಲ್ಲಿ ಕಂಡಾಗ ಫ್ಯಾನಿನ ವೇಗ ಹೆಚ್ಚಿಸುತ್ತೇವೆ.

ಹಂತ 2: ಭಾವನೆಗೆ ಅದರದೇ ಹೆಸರು ಕೊಡಿ

ನನ್ನ ಮಟ್ಟಿಗೆ ಇಡೀ ಕ್ರಮದ ತಿರುಳು ಇದು. ಇಂದಿನ ಕನ್ನಡದಲ್ಲಿ ‘ಟೆನ್ಷನ್’ ಎಂಬುದು ಎಲ್ಲ ಕಾಗದಗಳನ್ನೂ ತುಂಬಿಡುವ ಒಂದೇ ಪೆಟ್ಟಿಗೆಯಂತಾಗಿದೆ. ಹಣ ಸಾಲದಿದ್ದರೂ ಟೆನ್ಷನ್, ತಮ್ಮ ಮಾತು ಬಿಟ್ಟರೂ ಟೆನ್ಷನ್, ವೈದ್ಯಕೀಯ ವರದಿ ಬರಬೇಕಿದ್ದರೂ ಟೆನ್ಷನ್. ಮೊದಲನೆಯದು ಚಿಂತೆ, ಎರಡನೆಯದು ನೋವು, ಮೂರನೆಯದು ಭಯ. ಮೂರಕ್ಕೂ ಬೇಕಾದ ಪರಿಹಾರ ಬೇರೆಬೇರೆ. ಚಿಂತೆಗೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬೇಕು, ನೋವಿಗೆ ಒಬ್ಬರೊಡನೆ ಮಾತಾಡಬೇಕು, ಭಯಕ್ಕೆ ಜೊತೆ ಬೇಕು. ‘ಟೆನ್ಷನ್’ಗೆ ಮಾಡಬಹುದಾದ್ದು ಇನ್ನೊಂದು ಕಾಫಿ ಕುಡಿಯುವುದು ಮಾತ್ರ.

ಇನ್ನೊಂದು ಪೆಟ್ಟಿಗೆ ‘ಬೇಜಾರು’. ಪಾರಸಿ ಮೂಲದ ಈ ಪದವನ್ನು ಸಿನಿಮಾ ಚೆನ್ನಾಗಿಲ್ಲದಿದ್ದರೂ ಬಳಸುತ್ತೇವೆ, ತಾಯಿ ತೀರಿಕೊಂಡರೂ ಬಳಸುತ್ತೇವೆ. ಕರಾವಳಿ, ಮಲೆನಾಡುಗಳಲ್ಲಿ ‘ತಲೆಬಿಸಿ’, ಉತ್ತರ ಕರ್ನಾಟಕದಲ್ಲಿ ‘ತ್ರಾಸು’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತವೆ. ಇಂಥ ಪದಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ, ಮಾತಿಗೆ ಅವು ಬೇಕು. ಆದರೆ ಅವು ಬಾಯಿಗೆ ಬಂದಾಗಲೆಲ್ಲ ಒಳಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಎಂಥ ಬೇಜಾರು?

ಉತ್ತರಕ್ಕೆ ಬೇಕಾದ ಪದಗಳು ನಮ್ಮಲ್ಲಿ ಧಾರಾಳವಾಗಿವೆ, ಮತ್ತು ಅವುಗಳ ಒಳಗೆ ಸೂಕ್ಷ್ಮವಾದ ವ್ಯತ್ಯಾಸಗಳಿವೆ. ಭಯದ ಕಡೆಯಲ್ಲಿ ನೋಡಿದರೆ, ಒಂದು ಕೆಲಸಕ್ಕೆ ಕೈಹಾಕುವ ಮುನ್ನ ಬರುವುದು ಅಳುಕು. ಏನೋ ಕೆಟ್ಟದಾಗಲಿದೆ ಎಂಬ ನಿಲ್ಲದ ಅಲೆದಾಟ ಕಳವಳ. ಇದ್ದಕ್ಕಿದ್ದಂತೆ ಎದೆ ಧಸಕ್ಕೆಂದರೆ ಗಾಬರಿ. ಸುದ್ದಿ ಕೇಳಿ ಕಾಲು ಕುಸಿದರೆ ದಿಗಿಲು. ಸಿಟ್ಟಿನ ಕಡೆಯಲ್ಲಿ, ಸಣ್ಣಸಣ್ಣದಕ್ಕೂ ಚುರುಗುಟ್ಟುವುದು ಸಿಡುಕು, ಅನ್ಯಾಯ ಕಂಡು ಏಳುವುದು ರೋಷ, ಬಹಳ ದಿನ ಒಳಗೇ ಕುದಿಯುವುದು ಕುದಿ. ದುಃಖದ ಕಡೆಯಲ್ಲಿ ದುಗುಡ, ಕೊರಗು, ಹಳಹಳಿಗಳಿವೆ. ನಡೆದುಹೋದದ್ದನ್ನು ನೆನೆನೆನೆದು ಮರುಗುವ ಹಳಹಳಿಯನ್ನು ಕೊರಗೆಂದು ತಿಳಿದರೆ ಅದಕ್ಕೆ ಮದ್ದು ಸಿಗದು. ನಾಚಿಕೆಯ ಕಡೆಯಲ್ಲಿ ಸಂಕೋಚ, ಮುಜುಗರ, ಅವಮಾನ. ಇವುಗಳಲ್ಲಿ ಅವಮಾನವನ್ನು ಹೆಸರಿಸುವುದು ಎಲ್ಲಕ್ಕಿಂತ ಕಷ್ಟ, ಅದರಲ್ಲೂ ಗಂಡಸರಿಗೆ. ಅದು ಹೆಚ್ಚಾಗಿ ಸಿಟ್ಟಿನ ವೇಷ ಹಾಕಿಕೊಂಡೇ ಹೊರಬರುತ್ತದೆ. ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಮಾತು ಕೇಳಿ ಬಂದವನು ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆ ತಳ್ಳಿದರೆ, ಅಲ್ಲಿ ಇರುವುದು ಉಪ್ಪಿನ ಪ್ರಶ್ನೆಯಲ್ಲ.

ಹೆಸರು ಸಿಗದಿದ್ದಾಗ ಮೈಯಿಂದ ಆರಂಭಿಸಿ. ಕನ್ನಡದಲ್ಲಿ ಹೊಟ್ಟೆ ಉರಿಯುವುದು ಅಸೂಯೆಗೆ, ಕರುಳು ಚುರ್ರೆನ್ನುವುದು ಮರುಕಕ್ಕೆ, ಗಂಟಲು ಕಟ್ಟುವುದು ಅಳುವಿಗೆ, ಮೈ ಉರಿಯುವುದು ಕೋಪಕ್ಕೆ, ಎದೆ ಭಾರವಾಗುವುದು ದುಃಖಕ್ಕೆ, ಕೈಕಾಲು ತಣ್ಣಗಾಗುವುದು ಭಯಕ್ಕೆ ಸಲ್ಲುತ್ತದೆ. ‘ಸಂಕಟ’ ಎಂಬ ಪದವಂತೂ ಹೊಟ್ಟೆಯ ತೊಳಸುವಿಕೆಗೂ ಮನಸ್ಸಿನ ವೇದನೆಗೂ ಒಂದೇ. ಇವು ಶರೀರಶಾಸ್ತ್ರದ ನಿಯಮಗಳಲ್ಲ, ಎಲ್ಲರಿಗೂ ಹೀಗೆಯೇ ಆಗಬೇಕೆಂದಿಲ್ಲ. ಆದರೆ ಹುಡುಕಾಟ ಶುರುಮಾಡಲು ಒಳ್ಳೆಯ ಸುಳಿವುಗಳು. ಗಂಟಲು ಕಟ್ಟಿದೆ, ಆದರೆ ಬಾಯಲ್ಲಿ ಬರುತ್ತಿರುವುದು ಬೈಗುಳ ಎಂದಾದರೆ, ಸಿಟ್ಟಿನ ಕೆಳಗೆ ಬೇರೇನೋ ಇದೆ ಎಂದು ತಿಳಿಯಬಹುದು.

ಹೆಸರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಭಯಗಳಿರುವ ಮುಖಗಳ ಚಿತ್ರ ನೋಡುವಾಗ ಆ ಭಾವನೆಯ ಹೆಸರನ್ನು ಆರಿಸಿದವರ ಮೆದುಳಿನಲ್ಲಿ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡುಬಂತು. ಮುಖಕ್ಕೆ ಬರಿಯ ವ್ಯಕ್ತಿಯ ಹೆಸರನ್ನು ಹೊಂದಿಸಿದಾಗ ಅಷ್ಟು ತಗ್ಗಲಿಲ್ಲ. ಹೆಸರಿಸುವಾಗ ‘ನಾನು ಸಿಟ್ಟುಗಾರ’ ಎನ್ನದೆ ‘ನನಗೀಗ ಸಿಟ್ಟು ಬಂದಿದೆ’ ಎನ್ನಿ. ಕನ್ನಡದ ವಾಕ್ಯರಚನೆ ಇಲ್ಲಿ ನಮಗೆ ಅನುಕೂಲವಾಗಿಯೇ ಇದೆ: ನಮ್ಮಲ್ಲಿ ಸಿಟ್ಟು ‘ಬರುತ್ತದೆ’, ದುಃಖ ‘ಆಗುತ್ತದೆ’. ಬಂದದ್ದು ಹೋಗಲೂಬಹುದು.

ಹಂತ 3: ಎರಡು ವಾರ ಬರೆದಿಡಿ

ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ಮೊಬೈಲಿನಲ್ಲಿಯೂ ಬರೆಯಬಹುದು, ಆದರೆ ಅಲ್ಲಿಗೆ ಹೋದವರು ಅಲ್ಲೇ ಉಳಿದುಬಿಡುವ ಅಪಾಯವಿದೆ. ದಿನಕ್ಕೆ ಒಂದೋ ಎರಡೋ ಪ್ರಸಂಗಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಆರು ಸಂಗತಿ ಬರೆಯಿರಿ: ಹೊತ್ತು, ನಡೆದದ್ದು, ಮೈ, ಭಾವನೆ, ಆಗ ಮನಸ್ಸಿನಲ್ಲಿ ಹಾದ ಮಾತು, ನೀವು ಮಾಡಿದ್ದು. ಭಾವನೆಯ ಮುಂದೆ ಹತ್ತರಲ್ಲಿ ಎಷ್ಟು ಎಂಬ ಅಂಕವಿರಲಿ.

ನನ್ನ ಹಳೆಯ ಪುಸ್ತಕದ ಒಂದು ನಮೂದು ಹೀಗಿದೆ: ‘ಬೆಳಿಗ್ಗೆ 11.20. ಸ್ವಲ್ಪ ಬಂದು ಹೋಗಿ ಎಂದು ಮೇಲಿನವರ ಫೋನು. ದವಡೆ ಬಿಗಿ, ಅಂಗೈ ಬೆವರು, ಉಸಿರು ಮೇಲೆ. ಅಳುಕು 7. ಮತ್ತೆ ಏನೋ ತಪ್ಪು ಹುಡುಕಿದ್ದಾರೆ. ಹೋಗುವ ಮುಂಚೆ ಗುಮಾಸ್ತನ ಮೇಲೆ ರೇಗಿದೆ. ಕರೆದದ್ದು ಮಗಳ ಮದುವೆಯ ಕರೆಯೋಲೆ ಕೊಡಲಿಕ್ಕೆ.’ ಇದನ್ನು ಓದಿದಾಗ ಈಗಲೂ ನಗು ಬರುತ್ತದೆ, ಆ ಗುಮಾಸ್ತನಿಗೆ ಬಂದಿರಲಾರದು.

ಬರೆಯುವಾಗ ನಾಲ್ಕು ವಿಷಯಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಕೊನೆಯ ಸಲ ತಿಂದದ್ದು ಯಾವಾಗ, ಆ ದಿನ ಎಷ್ಟು ಕಾಫಿ ಚಹಾ, ಹೆಂಗಸರಾದರೆ ಮುಟ್ಟಿನ ದಿನಾಂಕ. ಕಾಫಿಯ ಕೆಫೀನು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ, ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಅದರಿಂದ ಬಂದ ಎದೆಬಡಿತಕ್ಕೆ ಸೊಸೆಯ ಮಾತನ್ನು ಕಾರಣ ಮಾಡಿದರೆ ಕಾಫಿಗೂ ಸೊಸೆಗೂ ನ್ಯಾಯ ಸಲ್ಲುವುದಿಲ್ಲ. ಮಧ್ಯಾಹ್ನ ಎರಡಾದರೂ ಊಟ ಮಾಡದವರ ಸಿಟ್ಟು ಬಹಳಷ್ಟು ಸಲ ಬರಿಯ ಹಸಿವು.

ಎರಡು ವಾರದ ಕೊನೆಗೆ ಒಂದು ಭಾನುವಾರ ಕುಳಿತು ಎಲ್ಲವನ್ನೂ ಒಟ್ಟಿಗೆ ಓದಿ. ಒಂದೇ ಹೊತ್ತು, ಒಂದೇ ವ್ಯಕ್ತಿ, ಒಂದೇ ಬಗೆಯ ಮಾತು ಮತ್ತೆ ಮತ್ತೆ ಬರುತ್ತಿದೆಯೇ ನೋಡಿ. ಯಾವ ಮೈಗುರುತು ಎಲ್ಲಕ್ಕಿಂತ ಮೊದಲು ಕಾಣುತ್ತಿದೆಯೋ ಅದರ ಕೆಳಗೆ ಗೆರೆ ಎಳೆಯಿರಿ. ಮುಂದಿನ ಹಂತಕ್ಕೆ ಬೇಕಾದುದು ಆ ಒಂದು ಗುರುತು.

ಹಂತ 4: ಗುರುತು ಕಂಡ ಮೇಲಿನ ಎರಡು ನಿಮಿಷ

ಈಗ ಸರಿಮಾಡಲು ಅಡ್ಡಿಯಿಲ್ಲ. ನಿಮ್ಮ ಗುರುತು ಕಂಡಕೂಡಲೇ, ಅದು ಹತ್ತರಲ್ಲಿ ಮೂರೋ ನಾಲ್ಕೋ ಇರುವಾಗಲೇ, ಉಸಿರಿಗೆ ಬನ್ನಿ. ಉಸಿರು ಒಳಗೆಳೆದಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೈಯನ್ನು ತಣಿಸುವ ವೇಗಸ್ ನರದ ಪ್ರಭಾವ ಬಿಡುವಾಗ ಹೆಚ್ಚು. ಆದ್ದರಿಂದ ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆಳೆದು, ಆರು ಎಣಿಸುತ್ತ ನಿಧಾನವಾಗಿ ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಸಾಮಾನ್ಯವಾಗಿ ನಾವು ಉಸಿರಾಡುವುದು 12ರಿಂದ 20 ಸಲ. ಭ್ರಾಮರಿ ಪ್ರಾಣಾಯಾಮ ಬಲ್ಲವರು ಆ ಝೇಂಕಾರವನ್ನೇ ಬಳಸಬಹುದು, ಅಲ್ಲಿಯೂ ಆಗುವುದು ಉದ್ದದ ನಿಶ್ವಾಸವೇ. ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು ಉಸಿರು ಹಿಡಿದಿಡುವ ಕುಂಭಕವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಿಬಿಡಬೇಕು. ಗಾಬರಿಯಾದವರಿಗೆ ‘ಜೋರಾಗಿ ಉಸಿರು ಎಳೆದುಕೊಳ್ಳಿ’ ಎನ್ನುವುದು ನಮ್ಮಲ್ಲಿ ರೂಢಿ. ಗಾಬರಿಯಲ್ಲಿರುವವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುವುದು, ತುಟಿ ಬೆರಳು ಜುಮುಗುಡುವುದು ಶುರುವಾಗುತ್ತದೆ. ಆ ಜುಮುಗುಡುವಿಕೆಯೇ ಇನ್ನಷ್ಟು ಗಾಬರಿ ಹುಟ್ಟಿಸುತ್ತದೆ. ಅವರಿಗೆ ಹೇಳಬೇಕಾದುದು ನಿಧಾನವಾಗಿ ಬಿಡಿ ಎಂದು.

ಗುರುತು ಸ್ನಾಯುಗಳಲ್ಲಿದ್ದರೆ, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷಗಳ ಹಿಂದೆ ರೂಪಿಸಿದ ಕ್ರಮ ಒಳ್ಳೆಯದು. ಬಿಗಿದ ಭಾಗವನ್ನು ಬೇಕೆಂದೇ ಐದು ಸೆಕೆಂಡು ಇನ್ನೂ ಸ್ವಲ್ಪ ಬಿಗಿದು, ಒಮ್ಮೆಲೇ ಸಡಿಲಬಿಟ್ಟು, ಹದಿನೈದು ಇಪ್ಪತ್ತು ಸೆಕೆಂಡು ಆ ಸಡಿಲಿಕೆಯನ್ನು ಗಮನಿಸುವುದು. ಬಿಗಿತವೇನು, ಸಡಿಲವೇನು ಎಂಬ ವ್ಯತ್ಯಾಸ ಮೈಗೆ ಗೊತ್ತಾಗುವುದು ಹೀಗೆ. ಭುಜ, ಮುಷ್ಟಿ, ಹೊಟ್ಟೆ, ಪಾದಗಳಿಗೆ ಇದು ಸರಿ. ದವಡೆಗೆ ಮಾತ್ರ ಬಿಗಿಯುವ ಕೆಲಸ ಬೇಡ, ಅದನ್ನು ನಾವು ಆಗಲೇ ಸಾಕಷ್ಟು ಮಾಡಿರುತ್ತೇವೆ. ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಗೆಯನ್ನು ಸುಮ್ಮನೆ ಬಿಟ್ಟರೆ ಸಾಕು.

ಸಿಟ್ಟು ಎಂಟಕ್ಕೆ ಏರಿದಾಗ ಕುಳಿತು ಉಸಿರೆಣಿಸುವುದು ಬಹಳ ಜನರಿಗೆ ಆಗದ ಕೆಲಸ, ಮೈ ಓಡಲು ಅಣಿಯಾಗಿರುತ್ತದೆ. ಆಗ ನಡೆಯಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಬಾವಿಯಿದ್ದರೆ ನಾಲ್ಕು ಕೊಡ ನೀರು ಸೇದಿ. ಆ ಅರ್ಧ ಗಂಟೆ ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಉತ್ತರಿಸಬೇಡಿ. ಬರೆಯಲೇಬೇಕೆನ್ನಿಸಿದರೆ ನೋಟುಬುಕ್ಕಿನಲ್ಲಿ ಬರೆಯಿರಿ, ಅಲ್ಲಿ ಓದಿದ್ದಕ್ಕೆ ನೀಲಿ ಟಿಕ್ ಬೀಳುವುದಿಲ್ಲ.

ಹಂತ 5: ನಡುವೆ ಕುಳಿತಿರುವ ಮಾತು

‘ಸ್ವಲ್ಪ ಬಂದು ಹೋಗಿ’ ಎಂಬ ಮೂರು ಪದಗಳಲ್ಲಿ ಅಂಗೈ ಬೆವರಿಸುವಂಥದೇನೂ ಇಲ್ಲ. ಬೆವರಿಸಿದ್ದು, ಮತ್ತೆ ತಪ್ಪು ಹುಡುಕಿದ್ದಾರೆ ಎಂದು ನಾನೇ ಸೇರಿಸಿಕೊಂಡ ಮಾತು. ಒಂದು ಸಂಗತಿ ನಮಗೆ ಬೆದರಿಕೆಯೇ, ಅದನ್ನು ಎದುರಿಸುವ ಶಕ್ತಿ ನಮ್ಮಲ್ಲಿದೆಯೇ ಎಂಬ ಎರಡು ಅಂದಾಜುಗಳಿಂದ ಒತ್ತಡ ಹುಟ್ಟುತ್ತದೆ ಎಂದು ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ವಿವರಿಸಿದರು. ದಿನಚರಿಯ ಐದನೆಯ ಕಲಮು ಇರುವುದು ಈ ಅಂದಾಜನ್ನು ಹಿಡಿಯಲಿಕ್ಕೆ. ಅದನ್ನು ಓದಿ, ಇದು ನನಗೆ ಗೊತ್ತಿರುವ ಸಂಗತಿಯೋ ನಾನು ಊಹಿಸಿದ್ದೋ ಎಂದು ಕೇಳಿಕೊಳ್ಳಿ. ಗೊತ್ತಿರುವ ಸಂಗತಿಯೇ ಆಗಿದ್ದರೆ ಎರಡನೆಯ ಅಂದಾಜಿಗೆ ಹೋಗಿ: ಇದರಲ್ಲಿ ನನ್ನ ಕೈಯಲ್ಲಿರುವುದು ಎಷ್ಟು, ಯಾರ ನೆರವು ಕೇಳಬಹುದು?

ಇದನ್ನು ಎಲ್ಲವೂ ನಿಮ್ಮ ಯೋಚನೆಯ ತಪ್ಪು ಎಂಬಲ್ಲಿಗೆ ಎಳೆಯಬಾರದು. ಮೂರು ತಿಂಗಳು ಸಂಬಳವಾಗದ ಪೌರಕಾರ್ಮಿಕನ ಕಳವಳ ಅಂದಾಜಿನ ದೋಷವಲ್ಲ. ಅಲ್ಲಿ ಬದಲಾಗಬೇಕಾದುದು ಸಂಬಳದ ವ್ಯವಸ್ಥೆ. ಗಂಡನ ಹೊಡೆತಕ್ಕೆ ಮೈ ನಡುಗುವ ಹೆಂಗಸಿಗೆ ಉಸಿರಾಟ ಕಲಿಸಿ ಮನೆಗೆ ಕಳಿಸುವುದು ಉಪಕಾರವಲ್ಲ. ಆಕೆಯ ಮೈ ಸರಿಯಾಗಿಯೇ ಎಚ್ಚರಿಸುತ್ತಿದೆ. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೆ.

ಹಂತ 6: ಕಾರಣಕ್ಕೆ ಕೈಹಾಕುವುದು

ದಿನಚರಿಯಲ್ಲಿ ಪದೇ ಪದೇ ಬಂದ ಒಂದೇ ಒಂದು ಪ್ರಸಂಗವನ್ನು ಆರಿಸಿ, ಅದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ, ಎರಡು ವಾರ ಅಂಕ ನೋಡಿ. ನಾನು ಮಾಡಿದ್ದು ಇಷ್ಟೇ: ಮಾರ್ಚ್ ಕೊನೆಯ ವಾರಕ್ಕೆ ರಾಶಿ ಬೀಳುತ್ತಿದ್ದ ಹೊಂದಾಣಿಕೆಯ ಕೆಲಸವನ್ನು ಪ್ರತಿ ತಿಂಗಳ ಮೊದಲ ಶನಿವಾರಕ್ಕೆ ಹಂಚಿದೆ. ಮೇಲಿನವರ ಫೋನು ಬಂದಾಗ ‘ಯಾವ ಫೈಲು ತರಲಿ ಸರ್?’ ಎಂದು ಕೇಳುವುದನ್ನು ಕಲಿತೆ. ಅವರ ಉತ್ತರದಲ್ಲೇ ಅರ್ಧ ಅಳುಕು ಇಳಿಯುತ್ತಿತ್ತು. ಮನೆಯಲ್ಲಿ ‘ಟೆನ್ಷನ್ ಆಗಿದೆ, ಮಾತಾಡಿಸಬೇಡ’ ಎನ್ನುವ ಬದಲು ‘ಇವತ್ತು ಎಲ್ಲರ ಮುಂದೆ ಅವಮಾನವಾಯಿತು, ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ’ ಎನ್ನಲು ಇದಕ್ಕಿಂತ ಬಹಳ ಹೆಚ್ಚು ದಿನ ಬೇಕಾಯಿತು.

ಎಚ್ಚರಿಕೆಗಳು

ಮೈಯನ್ನು ಗಮನಿಸುವುದು ಎಲ್ಲರಿಗೂ ಒಗ್ಗುವುದಿಲ್ಲ. ಹಿಂದೆ ಹಿಂಸೆ, ಅಪಘಾತಗಳನ್ನು ಕಂಡವರಿಗೆ ಕಣ್ಣುಮುಚ್ಚಿ ಒಳಗೆ ನೋಡುವಾಗ ಹಳೆಯ ದೃಶ್ಯಗಳು ನುಗ್ಗಬಹುದು. ಕಾಯಿಲೆಯ ಭಯ ಹೆಚ್ಚಿರುವವರು ನಾಡಿ ಎಣಿಸುವುದನ್ನೇ ಗೀಳು ಮಾಡಿಕೊಳ್ಳಬಹುದು. ಅಭ್ಯಾಸದಿಂದ ಕಳವಳ ಏರುತ್ತಿದೆ ಎನ್ನಿಸಿದರೆ ನಿಲ್ಲಿಸಿ, ಕಣ್ಣು ತೆರೆದು ಕೋಣೆಯಲ್ಲಿ ಕಾಣುವ ಐದು ವಸ್ತುಗಳನ್ನು ಹೆಸರಿಸಿ, ಮುಂದಿನದನ್ನು ಆಪ್ತಸಮಾಲೋಚಕರ ನೆರವಿನಲ್ಲಿಯೇ ಮಾಡಿ.

ಮೈಯ ಪ್ರತಿ ಗುರುತೂ ಒತ್ತಡದ್ದಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆ ಡವಗುಟ್ಟುತ್ತದೆ, ರಕ್ತಹೀನತೆಯಿಂದಲೂ ಸುಸ್ತಾಗುತ್ತದೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದರೂ ಬೆವರು ನಡುಕ ಬರುತ್ತವೆ. ಎದೆಯ ನಡುವೆ ಒತ್ತಿದಂಥ ನೋವು, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಉಸಿರುಕಟ್ಟುವುದು ಕಂಡರೆ ಅದು ಗ್ಯಾಸ್ಟ್ರಿಕ್ಕೋ ಟೆನ್ಷನ್ನೋ ಎಂದು ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಕರೆಮಾಡಿ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು, ಕೆಲಸದಲ್ಲಿನ ಆಸಕ್ತಿ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ನೋಟುಬುಕ್ಕಿನೊಂದಿಗೆ ವೈದ್ಯರಲ್ಲಿಗೆ ಹೋಗುವ ಹೊತ್ತಾಗಿದೆ. ಬದುಕು ಬೇಡವೆನ್ನಿಸುತ್ತಿದ್ದರಂತೂ ಎರಡು ದಿನವೂ ಕಾಯಬಾರದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯದಲ್ಲಿ ನಡೆಯುವ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ.

ವೈದ್ಯರ ಮುಂದೆ ಕುಳಿತಾಗ ನಮಗೆ ಸಿಗುವುದು ಐದಾರು ನಿಮಿಷ. ಆ ಹೊತ್ತಿನಲ್ಲಿ ‘ಗ್ಯಾಸ್ಟ್ರಿಕ್ ಡಾಕ್ಟ್ರೇ, ಜೊತೆಗೆ ಸ್ವಲ್ಪ ಟೆನ್ಷನ್’ ಎಂದರೆ ಆಮ್ಲದ ಗುಳಿಗೆ ಬರೆದು ಕಳಿಸುತ್ತಾರೆ, ಅವರದೂ ತಪ್ಪಲ್ಲ. ಬದಲಿಗೆ, ‘ಆರು ವಾರದಿಂದ, ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೊಟ್ಟೆ ಹಿಡಿಯುತ್ತದೆ, ಭಾನುವಾರ ಇರುವುದಿಲ್ಲ, ಆ ಹೊತ್ತಿನಲ್ಲಿ ಭಯವಿರುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ’ ಎಂದು ಪುಟ ತೆರೆದು ಓದಿಹೇಳಿ.